ಯಾವುದಕ್ಕಿಂತ ಮೇಲು?

ತಾರತಮ್ಯ ಎಂಬ ಮಾತಿಗೆ ನಮ್ಮ ಕಾಲದಲ್ಲಿ ಕೆಟ್ಟ ಹೆಸರು ಬಂದಿದೆ. ಸಂಬಳದಲ್ಲಿ ತಾರತಮ್ಯ, ಹೆಣ್ಣು ಗಂಡೆಂಬ ತಾರತಮ್ಯ, ಊರುಕೇರಿಗಳ ತಾರತಮ್ಯ ಎಂದು ವರದಿಗಳಲ್ಲಿ ಓದಿ ಓದಿ, ಅದು ತೊಲಗಿಸಬೇಕಾದ ಒಂದು ರೋಗದ ಹೆಸರು ಎಂದೇ ನಮಗೆ ಅಭ್ಯಾಸವಾಗಿ ಹೋಗಿದೆ. ಮಾತನ್ನು ಬಿಡಿಸಿ ನೋಡಿದರೆ ಅದರಲ್ಲಿ ದೋಷವೇನೂ ಇಲ್ಲ. ‘ತರ’ ಎಂದರೆ ಎರಡರಲ್ಲಿ ಹೆಚ್ಚಿನದು, ‘ತಮ’ ಎಂದರೆ ಎಲ್ಲದರಲ್ಲಿ ಹೆಚ್ಚಿನದು. ಸಂಸ್ಕೃತ ವ್ಯಾಕರಣದ ಈ ಎರಡು ಪ್ರತ್ಯಯಗಳು ಕೂಡಿ ಆದ ಶಬ್ದ ಅದು. ಮಧ್ವಾಚಾರ್ಯರ ಮತದಲ್ಲಿ ಈ ತಾರತಮ್ಯ ಪ್ರಪಂಚದ ರಚನೆಯಲ್ಲಿಯೇ ಸೇರಿಕೊಂಡಿದೆ. ಜೀವಜೀವಕ್ಕೂ ಭೇದ, ದೇವತೆಗಳಲ್ಲಿಯೂ ಮೆಟ್ಟಿಲು. ಅಷ್ಟು ದೂರ ಹೋಗದ ನಮ್ಮ ತಾಯಿಯವರು ಕೂಡ ಗಾಂಧಿಬಜಾರಿನಲ್ಲಿ ಬದನೆಕಾಯಿ ಆರಿಸುವಾಗ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ, ತರ-ತಮ ವಿಚಾರಿಸದೆ ಒಂದನ್ನೂ ಚೀಲಕ್ಕೆ ಹಾಕುತ್ತಿರಲಿಲ್ಲ. ಹುಳುಕನ್ನು ಬಿಟ್ಟು ಎಳೆಯದನ್ನು ಆರಿಸುವುದು ವಿವೇಕವೇ ಹೊರತು ಅನ್ಯಾಯವಲ್ಲ.

ಹಾಗಾದರೆ ಹೋಲಿಸಿ ನೋಡುವುದು ಯಾವಾಗ ವಿವೇಕ, ಯಾವಾಗ ಅದು ಬುದ್ಧಿಗೆ ಹಿಡಿಯುವ ಮಂಕು? ಇಂಥ ಪ್ರಶ್ನೆ ತತ್ತ್ವಶಾಸ್ತ್ರದ ಪುಸ್ತಕ ಓದುವಾಗ ಹುಟ್ಟಿದ್ದರೆ ನನ್ನ ಮರ್ಯಾದೆಗೆ ಒಪ್ಪುತ್ತಿತ್ತು. ಅದು ಹುಟ್ಟಿದ್ದು ಮೋಟಾರು ಕಾರುಗಳ ನಡುವೆ.

ನನ್ನ ಅಕ್ಕನ ಮಗ ಕಾರು ಕೊಳ್ಳಬೇಕೆಂದು ನಿಶ್ಚಯಿಸಿ ಆರು ತಿಂಗಳಾಯಿತು. ನಮ್ಮ ಬೆಂಗಳೂರಿನ ದಕ್ಷಿಣ ಭಾಗದ ಒಂದು ಮೈದಾನದಲ್ಲಿ ಎರಡು ದಿನಗಳ ಕಾರು ಪ್ರದರ್ಶನ ಏರ್ಪಟ್ಟಾಗ, “ಮಾವ, ನೀವೂ ಬನ್ನಿ. ಎಲ್ಲ ಕಂಪನಿಯವರೂ ಒಂದೇ ಕಡೆ ಸಿಗುತ್ತಾರೆ, ಹೋಲಿಸಿ ನೋಡಬಹುದು” ಎಂದ. ನನಗೆ ಕಾರು ಓಡಿಸಲು ಬರುವುದಿಲ್ಲ. ಆಯುಷ್ಯದಲ್ಲಿ ನಾನು ಕೊಂಡ ಅತಿ ದೊಡ್ಡ ವಾಹನ ಒಂದು ಸ್ಕೂಟರು. ಇಂಥವನನ್ನು ಯಾಕೆ ಕರೆದ ಎಂದರೆ, ಗಂಡಹೆಂಡಿರ ನಡುವೆ ಮಾತು ಬೆಳೆದಾಗ ಮೂರನೆಯವನೊಬ್ಬ ಇರಲಿ ಎಂದಿರಬೇಕು. ಅವನು, ಅವನ ಹೆಂಡತಿ, ನಾಲ್ಕು ವರ್ಷದ ಮಗು, ಮಂಡಿನೋವಿನ ನನ್ನ ಅಕ್ಕ, ನಾನು, ಐದು ಜನ ಮೆಟ್ರೋ ರೈಲಿನಲ್ಲಿ ಹೊರಟೆವು. ಕಾರು ನೋಡಲು ರೈಲಿನಲ್ಲಿ ಹೋದದ್ದಕ್ಕೆ ಬೇರೆ ಅರ್ಥವೇನೂ ಇಲ್ಲ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಕೇಳಿದ್ದೆವು.

ಮೈದಾನದ ತುಂಬ ಶಾಮಿಯಾನ, ಕೆಳಗೆ ಕೆಂಪು ಜಮಖಾನೆ, ಕಾರುಗಳ ಮೇಲೆ ಎಷ್ಟು ಬೆಳಕೆಂದರೆ ಮದುವೆಯ ಮನೆಯ ವಧೂವರರಿಗೂ ಅಷ್ಟು ಬೆಳಕು ಬೀಳುವುದಿಲ್ಲ. ಬಂದವರಲ್ಲಿ ಕೊಳ್ಳುವವರು ಹತ್ತಕ್ಕೆ ಒಬ್ಬರಿದ್ದರೆ ಹೆಚ್ಚು. ಉಳಿದವರು ಬಾಗಿಲು ತೆಗೆದು, ಕೂತು, ಚಕ್ರ ಹಿಡಿದು, ಫೋನಿನಲ್ಲಿ ಚಿತ್ರ ತೆಗೆಸಿಕೊಂಡು, ಬಾಗಿಲು ಹಾಕಿ ಅದರ ಸದ್ದು ಕೇಳಿ, ತಲೆದೂಗಿ ಮುಂದೆ ಹೋಗುತ್ತಿದ್ದರು. ಬಾಗಿಲ ಸದ್ದಿನಿಂದ ಕಾರಿನ ಗುಣ ತಿಳಿಯುತ್ತದೆಂಬುದು ನಮ್ಮ ಜನರಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ತೆಂಗಿನಕಾಯಿಯನ್ನು ಬೆರಳಿನಿಂದ ತಟ್ಟಿ ನೋಡುವ ಸಂಪ್ರದಾಯವೇ ಇಲ್ಲಿಗೂ ಬಂದಿದೆ ಎನ್ನಬಹುದು.

ಸೋದರಳಿಯ ಸಾಫ್ಟ್‌ವೇರ್ ಉದ್ಯೋಗಿ. ಅವನು ಮನೆಯಲ್ಲಿಯೇ ಒಂದು ಪಟ್ಟಿ ಸಿದ್ಧಮಾಡಿ ಅಚ್ಚು ಹಾಕಿ ತಂದಿದ್ದ. ಅಡ್ಡಸಾಲಿನಲ್ಲಿ ನಾಲ್ಕು ಕಾರುಗಳು. ಉದ್ದಸಾಲಿನಲ್ಲಿ ಮೂವತ್ತೊಂದು ಗುಣಗಳು. ಬೆಲೆ, ಉದ್ದ, ಎಂಜಿನ್ನಿನ ಶಕ್ತಿ, ಲೀಟರಿಗೆ ಎಷ್ಟು ಕಿಲೋಮೀಟರ್, ಸಾಮಾನಿಡುವ ಡಿಕ್ಕಿಯಲ್ಲಿ ಎಷ್ಟು ಲೀಟರ್ ಜಾಗ, ಅಪಘಾತ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ, ಗಾಳಿಚೀಲ ಎಷ್ಟು, ಪರದೆ ಎಷ್ಟು ಅಂಗುಲ, ಛಾವಣಿಯಲ್ಲಿ ಕಿಟಕಿ ಉಂಟೋ ಇಲ್ಲವೋ, ಹೀಗೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟೆಂದು ಅಂಕ, ಕೆಳಗೆ ಮೊತ್ತ. ನನಗೆ ಮಿಲಿಂದನ ಕಥೆ ನೆನಪಾಯಿತು. ರಥವೇರಿ ಬಂದ ಆ ಯವನರಾಜನನ್ನು ಭಿಕ್ಷು ನಾಗಸೇನ ಕೇಳುತ್ತಾನಂತೆ: ಮೂಕಿಯೇ ರಥವೋ, ಅಚ್ಚೇ ರಥವೋ, ಚಕ್ರವೋ, ನೊಗವೋ? ರಾಜ ಒಂದೊಂದಕ್ಕೂ ಅಲ್ಲ ಎನ್ನುತ್ತಾನೆ. ಹಾಗಾದರೆ ನೀನು ಯಾವುದರಲ್ಲಿ ಬಂದೆ ಎಂಬುದು ಭಿಕ್ಷುವಿನ ಪ್ರಶ್ನೆ. ಇದನ್ನು ನಾನು ಅಳಿಯನಿಗೆ ಹೇಳಿದೆ. ಅವನು ನಕ್ಕು, “ಮಾವ, ನಾಗಸೇನರಿಗೆ ಸಾಲದ ಕಂತು ಇರಲಿಲ್ಲ” ಎಂದ. ಉತ್ತರ ಚೆನ್ನಾಗಿಯೇ ಇತ್ತು.

ಅಂದು ತಿಳಿದುಕೊಂಡ ಮೊದಲನೆಯ ಸಂಗತಿಯೆಂದರೆ, ನಾವು ಹೋಲಿಸುವುದಕ್ಕೆ ಮುಂಚೆಯೇ ಇನ್ಯಾರೋ ಗೆರೆ ಎಳೆದಿಟ್ಟಿರುತ್ತಾರೆ. ನಾಲ್ಕು ಕಾರುಗಳಲ್ಲಿ ಮೂರರ ಉದ್ದ ಒಂದೇ: 3995 ಮಿಲಿಮೀಟರ್. ಇದೇನು ದೈವಸಂಕಲ್ಪವೇ ಎಂದು ನನಗೆ ಆಶ್ಚರ್ಯ. ಸಂಗತಿ ಅದಲ್ಲ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಚಿಕ್ಕ ಕಾರುಗಳ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿತು. ಚಿಕ್ಕದು ಎಂದರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲಾದರೆ ಎಂಜಿನ್ 1200 ಸಿ.ಸಿ., ಡೀಸೆಲ್ಲಾದರೆ 1500 ಸಿ.ಸಿ. ಮೀರಬಾರದು. ಅಂದಿನಿಂದ ಕಾರುಗಳು ಹಿಂಭಾಗವನ್ನು ಕತ್ತರಿಸಿಕೊಂಡಾದರೂ ಆ ಗೆರೆಯೊಳಗೆ ನಿಲ್ಲುತ್ತ ಬಂದಿವೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ತೆರಿಗೆಯಲ್ಲಿಯೂ ಅದೇ ಗೆರೆ: ಈಚೆ ನೂರಕ್ಕೆ 18, ಆಚೆ 40. ಇನ್ನೊಂದು ಗೆರೆ ನಮ್ಮ ರಾಜ್ಯದ್ದು. ನಾವು ವಿಚಾರಿಸಿದ ದಿನ, ಹತ್ತು ಲಕ್ಷದವರೆಗಿನ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ನೂರಕ್ಕೆ 14, ದಾಟಿದರೆ 17. ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರ ಎಂಬ ಸಂಖ್ಯೆಯನ್ನು ಕಂಡು ಇನ್ನು ಮುಂದೆ ನಾನು ನಗುವುದಿಲ್ಲ. ಅದರ ಹಿಂದೆ ಗಣಿತವಿದೆ.

ಎರಡನೆಯದು ಇನ್ನೂ ಸೂಕ್ಷ್ಮ. ಒಂದು ಮಳಿಗೆಯಲ್ಲಿ ಬಹಳ ವಿನಯದ ಹುಡುಗನೊಬ್ಬ ನಮಗೆ ಕಾರು ತೋರಿಸಿದ. ಆರಂಭದ ಬೆಲೆ 7,90,000. “ಸರ್, ಇನ್ನು ನಲವತ್ತೈದು ಸಾವಿರ ಹಾಕಿದರೆ ಪರದೆ, ಹಿಂದಿನ ಕ್ಯಾಮೆರಾ ಬರುತ್ತೆ.” ಅದು ನ್ಯಾಯವೇ ಎನ್ನಿಸಿತು. “ಇಷ್ಟು ಹಾಕಿದ ಮೇಲೆ ಇನ್ನರುವತ್ತು ಸಾವಿರಕ್ಕೆ ಅಲಾಯ್ ಚಕ್ರ, ತಾನಾಗಿ ನಡೆಯುವ ಏಸಿ.” ಅದೂ ಸರಿಯೇ. ಅಲ್ಲಿಂದ ಐವತ್ತೈದು ಸಾವಿರಕ್ಕೆ ಛಾವಣಿಯ ಕಿಟಕಿ. ಅಲ್ಲಿಂದ ಎಂಬತ್ತು ಸಾವಿರಕ್ಕೆ ಗೇರು ಬದಲಾಯಿಸುವ ಶ್ರಮವೂ ಇಲ್ಲ. ಒಂದೊಂದು ಮೆಟ್ಟಿಲೂ ಅದರ ಕೆಳಗಿನ ಮೆಟ್ಟಿಲಿನ ಪಕ್ಕದಲ್ಲಿ ನಿಂತಾಗ ಸಣ್ಣದು. ನಿಂತಲ್ಲಿಯೇ 10,30,000 ಆಯಿತು. ಹತ್ತರ ಗೆರೆ ದಾಟಿದ್ದರಿಂದ ರಸ್ತೆ ತೆರಿಗೆಯೇ ಅರುವತ್ತು ಸಾವಿರಕ್ಕೂ ಮೇಲೆ ಏರಿತು. ಮೂರು ಲಕ್ಷ ರೂಪಾಯಿನ ಅಂತರ! ಆ ಹುಡುಗ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅವನು ಮಾಡಿದ್ದು ಇಷ್ಟೆ: ಮೊದಲನೆಯ ಮೆಟ್ಟಿಲನ್ನೂ ಕೊನೆಯ ಮೆಟ್ಟಿಲನ್ನೂ ಎಂದೂ ಪಕ್ಕಪಕ್ಕದಲ್ಲಿ ನಿಲ್ಲಿಸಲಿಲ್ಲ. ಹೋಲಿಕೆಯ ಮೋಸ ಹೋಲಿಸುವುದರಲ್ಲಿಲ್ಲ, ಯಾವುದನ್ನು ಯಾವುದರ ಪಕ್ಕಕ್ಕೆ ತರುತ್ತೇವೆ ಎಂಬುದರಲ್ಲಿದೆ. ಮನುಷ್ಯ ಕೆಟ್ಟ ಚಟಗಳಿಗೆ ಬೀಳುವುದೂ, ಲಂಚಕ್ಕೆ ಕೈಯೊಡ್ಡುವುದೂ ಈ ಮೆಟ್ಟಿಲಿನ ಕ್ರಮದಲ್ಲಿಯೇ ಅಲ್ಲವೆ? ನಿನ್ನೆಯದಕ್ಕಿಂತ ಇವತ್ತಿನದು ಸ್ವಲ್ಪವೇ ಹೆಚ್ಚು.

ಇದಕ್ಕೆ ಹಿರಿಯರು ಹೇಳುವ ಔಷಧ ಒಂದಿದೆ: ಬೇಡ ಎನ್ನುವುದು. ಕಠೋಪನಿಷತ್ತಿನ ಯಮ ನಚಿಕೇತನ ಎದುರಿಗೆ ರಥಗಳನ್ನೂ ರಥದೊಡನೆ ಸುಂದರಿಯರನ್ನೂ ತಂದು ನಿಲ್ಲಿಸುತ್ತಾನೆ. ವಾಹನವನ್ನೂ ಅದರ ಪಕ್ಕದಲ್ಲಿ ಚೆಲುವೆಯನ್ನೂ ನಿಲ್ಲಿಸುವ ಪದ್ಧತಿ ಈಚಿನದೆಂದು ತಿಳಿದವರು ಇದನ್ನು ಗಮನಿಸಬೇಕು. ಹುಡುಗ, ನಿನ್ನ ವಾಹನ ನೃತ್ಯಗೀತ ಎಲ್ಲ ನಿನಗೇ ಇರಲಿ ಎಂದುಬಿಡುತ್ತಾನೆ. ದೊಡ್ಡ ಮಾತು. ಆದರೆ ನಚಿಕೇತನಿಗೆ ಮಂಡಿನೋವಿನ ತಾಯಿಯನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುವ ಕೆಲಸವಿರಲಿಲ್ಲ. ಮಳೆ ಬಂದ ಸಂಜೆ ಆಟೋದವರನ್ನು ಕೈಮುಗಿದು ಕರೆದೂ ಕರೆದೂ ನಿಂತವರಿಗೆ ವೈರಾಗ್ಯವನ್ನು ಬೋಧಿಸುವುದು ನನಗೆ ಒಪ್ಪಿಗೆಯಿಲ್ಲ. ಅಳಿಯನಿಗೆ ಕಾರು ಬೇಕು. ಬೇಕೆಂಬುದು ಸರಿಯಾಗಿಯೇ ಇದೆ.

ಆರಿಸುವ ಅವಕಾಶವೇ ಇಲ್ಲದಿದ್ದರೆ ಮನಸ್ಸಿಗೆ ನೆಮ್ಮದಿ ಎಂದು ನನ್ನ ವಯಸ್ಸಿನವರು ಹೇಳುವುದುಂಟು. ನಮ್ಮ ಬಾಲ್ಯದಲ್ಲಿ ಕಾರು ಎಂದರೆ ಮೂರು: ಉತ್ತರಪಾರಾದ ಅಂಬಾಸಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ವಕೀಲರೊಬ್ಬರು ಫಿಯೆಟ್ಟಿಗೆ ಹಣ ಕಟ್ಟಿ ರಸೀದಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ, ಮಗಳ ಜಾತಕದ ಜತೆಗೆ ಇಟ್ಟಿದ್ದರು. ಜಾತಕಕ್ಕೆ ಮೊದಲು ಫಲ ಬಂತು. ಕಾರು ಬರುವ ಹೊತ್ತಿಗೆ ಮೊಮ್ಮಗನೂ ಹುಟ್ಟಿದ್ದ. ಅವರಿಗೆ ನೆಮ್ಮದಿ ಇತ್ತೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅವರು ಪ್ರತಿ ತಿಂಗಳೂ ಏಜೆಂಟರ ಅಂಗಡಿಗೆ ಹೋಗಿ ತಮ್ಮ ಸರದಿಯ ಸಂಖ್ಯೆಯನ್ನು ಇತರರ ಸಂಖ್ಯೆಯೊಡನೆ ಹೋಲಿಸಿ ನೋಡಿ ಬರುತ್ತಿದ್ದರು. ಹೋಲಿಕೆ ತಪ್ಪಿರಲಿಲ್ಲ, ಕಾರುಗಳ ನಡುವೆ ನಡೆಯಬೇಕಾದದ್ದು ಕಾಯುವವರ ನಡುವೆ ನಡೆಯುತ್ತಿತ್ತು, ಅಷ್ಟೆ. ಅಂಬಾಸಡರ್ 2014ರಲ್ಲಿ ನಿಲ್ಲುವವರೆಗೂ ಹೆಚ್ಚುಕಡಮೆ ಅದೇ ಮುಖದಿಂದ ಬದುಕಿದ್ದು ಅದರ ಯೋಗ್ಯತೆಯಿಂದ ಮಾತ್ರವಲ್ಲ, ಪಕ್ಕದಲ್ಲಿ ಬಹುಕಾಲ ಇನ್ನೊಂದು ಇರಲಿಲ್ಲವಾದ್ದರಿಂದ.

ಅದಕ್ಕೆ ತಿರುಗುಮುರುಗಾದ ದೋಷ ಅಮೆರಿಕದ್ದು. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಒಂದೇ ಮಾದರಿಯ ಕಾರನ್ನು ಒಂದೂವರೆ ಕೋಟಿಯಷ್ಟು ತಯಾರಿಸಿದ. ಬೆಲೆ ಇಳಿಸುವುದೇ ಅವನ ಧರ್ಮ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದ: ಒಬ್ಬೊಬ್ಬರ ಜೇಬಿಗೆ ತಕ್ಕಂತೆ ಒಂದೊಂದು ಮೆಟ್ಟಿಲಿನ ಕಾರು, ವರ್ಷವರ್ಷವೂ ಹೊಸ ರೂಪ. ಅದೇ ಕಂಪನಿಯ ಸಂಶೋಧನ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್, ಗಿರಾಕಿಗೆ ತೃಪ್ತಿಯಾಗದಂತೆ ನೋಡಿಕೊಳ್ಳಬೇಕೆಂದು 1929ರಲ್ಲಿ ಒಂದು ಲೇಖನವನ್ನೇ ಬರೆದ. ಗುಟ್ಟಿನ ಮಾತನ್ನು ಇಷ್ಟು ಬಹಿರಂಗವಾಗಿ ಹೇಳಿದ್ದಕ್ಕೆ ನನಗೆ ಅವನ ಮೇಲೆ ಒಂದು ಬಗೆಯ ಗೌರವವಿದೆ. ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡರ್ಥ: ಇಷ್ಟಾದರೆ ಆಯಿತು ಎಂದು ಒಂದು, ಹಾಕಿ ಸಲಹು ಎಂದು ಇನ್ನೊಂದು. ಸಾಕು ಎನ್ನಬಲ್ಲವನೇ ಸಾಕಬಲ್ಲ ಎಂದು ನಮ್ಮ ಅಕ್ಕ ಹೇಳುತ್ತಿರುತ್ತಾಳೆ. ಕೆಟರಿಂಗನ ಲೇಖನ ಈ ಎರಡಕ್ಕೂ ವಿರುದ್ಧವಾದದ್ದು.

ಯಾವುದರ ಪಕ್ಕದಲ್ಲಿ ನಿಲ್ಲಿಸುತ್ತೇವೆ ಎಂದೆನಲ್ಲ, ಅದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. 2008ರ ಜನವರಿ 10ರಂದು ದೆಹಲಿಯ ವಾಹನ ಪ್ರದರ್ಶನದಲ್ಲಿ ರತನ್ ಟಾಟಾ ಅವರು ಒಂದು ಲಕ್ಷ ರೂಪಾಯಿನ ನ್ಯಾನೋ ಕಾರನ್ನು ತೋರಿಸಿದರು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಸಂಸಾರವನ್ನು ಕಂಡು ಹುಟ್ಟಿದ ಯೋಚನೆ ಅದು ಎಂದು ಅವರೇ ಹೇಳಿದ್ದರು. ಸ್ಕೂಟರಿನ ಪಕ್ಕದಲ್ಲಿ ನಿಲ್ಲಿಸಿದರೆ ಆ ಕಾರು ಒಂದು ಕರುಣೆ. ಆದರೆ ಕೊಳ್ಳುವವನ ಮನಸ್ಸಿನಲ್ಲಿ ಅದು ನಿಂತದ್ದು ಸ್ಕೂಟರಿನ ಪಕ್ಕದಲ್ಲಲ್ಲ, ಎದುರುಮನೆಯವರ ಕಾರಿನ ಪಕ್ಕದಲ್ಲಿ. ಅಗ್ಗದ ಕಾರು ಎಂಬ ಹೆಸರೇ ಅದಕ್ಕೆ ಶತ್ರುವಾಯಿತು. ಸಾಲ ಮಾಡಿಯಾದರೂ ಒಂದು ಮೆಟ್ಟಿಲು ಮೇಲಿನದನ್ನು ಕೊಂಡರು, ಇಲ್ಲವೇ ಸ್ಕೂಟರಿನಲ್ಲಿಯೇ ನೆನೆದರು. 2018ರ ಜೂನ್ ತಿಂಗಳಿಡೀ ಸಾನಂದದ ಕಾರ್ಖಾನೆಯಲ್ಲಿ ತಯಾರಾದದ್ದು ಒಂದೇ ಒಂದು ನ್ಯಾನೋ.

ಮಾತು ಇಲ್ಲಿಗೆ ಮುಗಿದಿದ್ದರೆ ಸುಲಭವಾಗುತ್ತಿತ್ತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದ ಫಲವನ್ನು ಪ್ರಕಟಿಸಿತು. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ, ನ್ಯಾನೋ ಅವುಗಳಲ್ಲೊಂದು. ಈಗ ಏನೆನ್ನಬೇಕು? ಸೊನ್ನೆಯ ಕಾರನ್ನು ಮಾರುವುದು ಪಾಪವೇ? ಪಾಪವಾದರೆ, ನಾಲ್ವರನ್ನು ಹೊತ್ತ ಸ್ಕೂಟರಿಗೆ ಎಷ್ಟು ನಕ್ಷತ್ರ? ಕಾರಿನ ಬೆಲೆ ಏರಿಸಿ ಬಡವನನ್ನು ಸ್ಕೂಟರಿನ ಮೇಲೆಯೇ ಉಳಿಸಿದರೆ ಅವನ ಪ್ರಾಣ ಉಳಿಸಿದಂತಾಯಿತೆ? ಈ ವಾದ ಪೊಳ್ಳಲ್ಲ. ನಾನು ಬಹಳ ಹೊತ್ತು ಅದರ ಪಕ್ಷದಲ್ಲಿಯೇ ಇದ್ದೆ. ಆದರೆ ಅದೇ ಪರೀಕ್ಷೆಯ ಇನ್ನೊಂದು ಫಲವನ್ನೂ ನೋಡಬೇಕು. ಆ ಐದರಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೋ ಗಾಳಿಚೀಲವಿಲ್ಲದೆ ಸೊನ್ನೆ ಪಡೆಯಿತು; ಎರಡು ಗಾಳಿಚೀಲ ಹಾಕಿದ ಅದೇ ಪೋಲೋ ನಾಲ್ಕು ನಕ್ಷತ್ರ ಪಡೆಯಿತು. ಕಂಪನಿ ಚೀಲವಿಲ್ಲದ ಮಾದರಿಯನ್ನು ಮಾರುವುದನ್ನೇ ನಿಲ್ಲಿಸಿತು. 2018ರಲ್ಲಿ ಟಾಟಾದವರ ನೆಕ್ಸಾನ್ ಅದೇ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲನೆಯ ಭಾರತೀಯ ಕಾರಾಯಿತು. ಅಂದರೆ, ಬಡವನ ಹೆಸರು ಹೇಳಿ ಬಿಟ್ಟಿದ್ದರಲ್ಲಿ ಒಂದು ಭಾಗವನ್ನಾದರೂ ಬಿಡಬೇಕಾದ ಅಗತ್ಯವಿರಲಿಲ್ಲ. ಹೋಲಿಸಿ, ನಾಚಿಸಿದ್ದರಿಂದ ಅದು ಬಂತು. ಬದನೆಕಾಯಿ ತಿರುಗಿಸಿ ನೋಡುವವರು ಇದ್ದರೆ ಮಾತ್ರ ಮಾರುವವನು ಹುಳುಕನ್ನು ಕೆಳಗಿಡುತ್ತಾನೆ.

ಈಗ ಅಳಿಯನ ಪಟ್ಟಿಗೆ ಬರುತ್ತೇನೆ. ಮೂರು ಗಂಟೆ ಸುತ್ತಿದ ಮೇಲೆ ಕಣದಲ್ಲಿ ಉಳಿದವು ಎರಡು. ಒಂದಕ್ಕೆ ಒಳ್ಳೆಯ ನಕ್ಷತ್ರಗಳಿದ್ದವು, ನೋಡಲು ಸಾಧಾರಣ. ಇನ್ನೊಂದು ಹೊಸದು, ಸುಂದರ, ಛಾವಣಿಯಲ್ಲಿ ಕಿಟಕಿ; ಮಗು ಅದರಿಂದ ತಲೆ ಹೊರಹಾಕಿ ಕೈಬೀಸಿ ಇಳಿಯಲಾರೆನೆಂದು ಅತ್ತಿತ್ತು. ಅದನ್ನು ಅಪಘಾತ ಪರೀಕ್ಷೆಗೆ ಒಪ್ಪಿಸಿರಲಿಲ್ಲ. ನಮ್ಮ ಸರಕಾರದ್ದೇ ಆದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಆರಂಭವಾದಾಗ, ಪರೀಕ್ಷೆಗೆ ಕಾರನ್ನು ಒಪ್ಪಿಸುವುದನ್ನು ತಯಾರಕರ ಇಚ್ಛೆಗೆ ಬಿಡಲಾಯಿತು. ಹಾಗಾಗಿ ಪಟ್ಟಿಯಲ್ಲಿ ಆ ಮನೆ ಖಾಲಿ. ಖಾಲಿಗೆ ಏನು ಹಾಕುವುದು? ಅಳಿಯ ನ್ಯಾಯವಂತ, ಗೊತ್ತಿಲ್ಲದ್ದಕ್ಕೆ ಸರಾಸರಿ ಇರಲಿ ಎಂದು ಹತ್ತರಲ್ಲಿ ಐದು ಹಾಕಿದ್ದ. ಛಾವಣಿಯ ಕಿಟಕಿಗೆ ಹತ್ತಕ್ಕೆ ಹತ್ತು, ಪರದೆಗೆ ಒಂಬತ್ತು. ಮೊತ್ತದಲ್ಲಿ ಸುಂದರಿ 214, ಸಾಧಾರಣ 209. ಐದು ಅಂಕದಿಂದ ಗೆಲುವು.

ಅವನ ಹೆಂಡತಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎರಡು ನಿಮಿಷ ನೋಡಿದಳು. “ಮಾವ, ಇದರಲ್ಲಿ ಮಗುವಿನ ತಲೆಗೂ ಪರದೆಯ ಅಂಗುಲಕ್ಕೂ ಒಂದೇ ಹತ್ತು ಅಂಕವಾ?” ಎಂದು ನನ್ನನ್ನು ಕೇಳಿದಳು. ಗಂಡನನ್ನು ಕೇಳಲಿಲ್ಲ; ನಾನು ಯಾಕೆ ಬಂದಿದ್ದೆನೆಂಬುದು ಆಗ ಸ್ಪಷ್ಟವಾಯಿತು.

ಅಳಿಯ ಸಮರ್ಥಿಸಿಕೊಂಡ ರೀತಿಯೂ ಕಡೆಗಣಿಸುವಂಥದಲ್ಲ. ಪ್ರಾಣಕ್ಕೆ ಬೆಲೆ ಕಟ್ಟಬಾರದೆಂದು ಬಾಯಲ್ಲಿ ಹೇಳುತ್ತೇವೆ. ಹಾಗಿದ್ದರೆ ಎಲ್ಲರೂ ಅತಿ ಭದ್ರವಾದ ಕಾರನ್ನೇ, ಅರುವತ್ತು ಲಕ್ಷವಾದರೂ, ಕೊಳ್ಳಬೇಕು. ಕೊಳ್ಳುವುದಿಲ್ಲ. ಎಲ್ಲೋ ಒಂದು ಕಡೆ ಇಷ್ಟು ಸಾಕೆಂದು ನಿಲ್ಲುತ್ತೇವೆ. ನಿಂತ ಮೇಲೆ ಅದು ಬೆಲೆ ಕಟ್ಟಿದಂತೆಯೇ. ಪಟ್ಟಿ ಮಾಡುವವನು ಅದನ್ನು ಬಚ್ಚಿಡದೆ ಮಾಡುತ್ತಾನೆ, ಅಷ್ಟೆ.

ನಿಜ. ಆದರೂ ಅವನ ಹೆಂಡತಿಯ ಮಾತಿನಲ್ಲಿ ಇನ್ನೂ ಆಳವಾದ ನಿಜವಿದೆ ಎಂದು ನನಗೆ ತೋರಿತು. ಅಡಿಗೆಮನೆಯಲ್ಲಿ ಜರಡಿಯೂ ಇದೆ, ತಕ್ಕಡಿಯೂ ಇದೆ. ಜರಡಿಯಲ್ಲಿ ನಿಲ್ಲದ ಕಲ್ಲನ್ನು ತಕ್ಕಡಿಯಲ್ಲಿ ಹಾಕಿ ಅಕ್ಕಿಯೊಡನೆ ತೂಗುವುದಿಲ್ಲ. ಅಕ್ಕಿ ಎಷ್ಟು ಸಣ್ಣ, ಎಷ್ಟು ಬಿಳುಪು ಎಂಬ ಗುಣದಿಂದ ಕಲ್ಲಿನ ದೋಷ ತೀರುವುದಿಲ್ಲ. ಕೆಲವು ಸಂಗತಿಗಳು ಹೋಲಿಕೆಯ ಒಳಗಿನವು. ಬಣ್ಣ, ಪರದೆ, ಡಿಕ್ಕಿಯ ಜಾಗ. ಕೆಲವು ಹೋಲಿಕೆಗೆ ಮುಂಚಿನವು. ಇಂತಿಷ್ಟು ಭದ್ರವಿಲ್ಲದ್ದು ಪಟ್ಟಿಯೊಳಕ್ಕೇ ಬರಬಾರದು; ಬಂದವುಗಳ ನಡುವೆ ಬೇಕಾದಷ್ಟು ಅಂಕಗಣಿತ ನಡೆಯಲಿ. ಆ ‘ಇಂತಿಷ್ಟು’ ಎಲ್ಲಿ ಎಂಬುದು ಜೇಬಿನ ಮೇಲೆ ಹೋಗುತ್ತದೆ, ಒಪ್ಪಿದೆ. ಆದರೆ ಅದನ್ನು ಮೊದಲೇ, ಮಳಿಗೆಯ ದೀಪ ಕಣ್ಣಿಗೆ ಬೀಳುವುದಕ್ಕೆ ಮುಂಚೆ, ಮನೆಯಲ್ಲಿ ಕೂತು ನಿಶ್ಚಯಿಸುವುದು ಒಂದು. ಛಾವಣಿಯ ಕಿಟಕಿಯ ಪಕ್ಕದಲ್ಲಿ ನಿಂತು ಚೌಕಾಶಿ ಮಾಡುವುದು ಇನ್ನೊಂದು. ಮತ್ತು ಖಾಲಿ ಮನೆಗೆ ಐದು ಅಂಕ ಹಾಕುವ ಹಕ್ಕು ಯಾರಿಗೂ ಇಲ್ಲ. ಪರೀಕ್ಷೆಗೇ ಕೂರದ ಹುಡುಗನಿಗೆ ಯಾವ ಮೇಷ್ಟರೂ ನೂರಕ್ಕೆ ಐವತ್ತು ಕೊಟ್ಟದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿ ತೀರ್ಪು ಕೊಟ್ಟೆನೆಂದು ತೃಪ್ತಿಯಿಂದ ಕಾಫಿ ಕುಡಿಯುತ್ತಿದ್ದೆವು. ಆಗ ನಮ್ಮ ಅಕ್ಕ, ಅಷ್ಟು ಹೊತ್ತೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವಳು, “ಮಗು ದಿನಾ ಕಾರಿನಲ್ಲಿ ಎಷ್ಟು ಹೊತ್ತಿರುತ್ತೋ? ಅದು ಶಾಲೆಯ ಬಸ್ಸಿಗೆ ನನ್ನ ಕೈ ಹಿಡಿದುಕೊಂಡು ನಡೆದು ಹೋಗುತ್ತೆ. ಅದಕ್ಕೆಷ್ಟು ನಕ್ಷತ್ರ?” ಎಂದಳು.

ಮೂವತ್ತೊಂದು ಸಾಲುಗಳಲ್ಲಿ ಇದಕ್ಕೆ ಸಾಲು ಇರಲಿಲ್ಲ. ಮೈದಾನದಲ್ಲಿಯೂ ಇದಕ್ಕೆ ಮಳಿಗೆ ಇರಲಿಲ್ಲ. ನಕ್ಷತ್ರಗಳೆಲ್ಲ ಒಳಗೆ ಕೂತವರವು. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು, ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಕಾರಿನ ಒಳಗಿದ್ದವರು ಇವರಿಬ್ಬರಿಗಿಂತಲೂ ಕಡಮೆ. ನಾವು ಹೋಲಿಸುತ್ತಿದ್ದದ್ದು ಕಡಮೆ ಸಾಯುವವರ ರಕ್ಷಣೆಯನ್ನು. ಅದರಲ್ಲಿ ತಪ್ಪಿಲ್ಲ, ತನ್ನ ಮಗುವನ್ನು ಮೊದಲು ನೋಡಿಕೊಳ್ಳುವುದು ಪಕ್ಷಪಾತವಲ್ಲ. ತೊಡಕು ಎಲ್ಲಿ ಎಂದರೆ, ಒಳಗಿನವನ ಅಭಯ ಕೆಲವು ಸಲ ಹೊರಗಿನವನ ಭಯದಿಂದ ಬರುತ್ತದೆ. ಎಲ್ಲರೂ ದೊಡ್ಡದು, ಎತ್ತರದ್ದು, ಭಾರದ್ದು ಎಂದು ಆರಿಸುತ್ತ ಹೋದರೆ, ಚಿಕ್ಕ ಕಾರಿನವನಿಗೆ ಹೆದರಿಕೆಯಾಗಿ ಅವನೂ ದೊಡ್ಡದು ಕೊಳ್ಳುತ್ತಾನೆ. ನಡೆಯುವವನಿಗೆ ಕೊಳ್ಳುವುದಕ್ಕೆ ಏನೂ ಇಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತೆಯ ಸಂಸ್ಥೆ ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ತಿಳಿಸಿದ್ದು: ಮೂತಿ 40 ಅಂಗುಲಕ್ಕಿಂತ ಎತ್ತರವಿರುವ ವಾಹನ ಪಾದಚಾರಿಗೆ ಬಡಿದರೆ, 30 ಅಂಗುಲದೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಂಭವ ನೂರಕ್ಕೆ ಸುಮಾರು 45 ಹೆಚ್ಚು. ಅಲ್ಲಿಯ ವಾಹನಗಳಷ್ಟು ಎತ್ತರ ನಮ್ಮವು ಇಲ್ಲದಿರಬಹುದು. ನಮ್ಮ ಪಾದಚಾರಿ ಮಾರ್ಗಗಳೂ ಅಲ್ಲಿಯವಷ್ಟು ಇಲ್ಲ.

ಎಲ್ಲ ಒಳಿತೂ ಹೀಗೆ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವಂಥದೇನೂ ಅಲ್ಲ. ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಹೆಗಲಿಂದ ಸೊಂಟಕ್ಕೆ ಇಳಿಯುವ, ಮೂರು ಕಡೆ ಬಿಗಿಯುವ ಸೀಟುಪಟ್ಟಿಯನ್ನು ರೂಪಿಸಿದ. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಇತರ ತಯಾರಕರೂ ಉಪಯೋಗಿಸಲೆಂದು ಬಿಟ್ಟುಕೊಟ್ಟಿತು. ಅಂದು ಮೈದಾನದಲ್ಲಿದ್ದ ಎಲ್ಲ ಕಾರಿನಲ್ಲಿಯೂ ಆ ಪಟ್ಟಿ ಇತ್ತು. ಎಲ್ಲದರಲ್ಲಿಯೂ ಇದ್ದುದರಿಂದಲೇ ಅಳಿಯನ ಪಟ್ಟಿಯಲ್ಲಿ ಅದಕ್ಕೆ ಸಾಲಿರಲಿಲ್ಲ, ಅಂಕವಿರಲಿಲ್ಲ.

ಅಕ್ಕನ ಮಾತಿಗೆ ಉತ್ತರ ಹೇಳಿದವಳು ಸೊಸೆ, ಅದೂ ಮಾತಿನಲ್ಲಲ್ಲ. ಗಂಡನನ್ನು ಸುಂದರಿಯ ಚಾಲಕನ ಜಾಗದಲ್ಲಿ ಕೂರಿಸಿದಳು. ಮಗುವನ್ನು ಕಾರಿನ ಮೂತಿಗೆ ತಾಗಿ ನಿಲ್ಲಿಸಿ, “ಕಾಣುತ್ತಾ?” ಎಂದಳು. ಕಾಣಲಿಲ್ಲ. ಮಗುವಿಗೆ ಇದು ಆಟವಾಯಿತು. ಒಂದೊಂದೇ ಹೆಜ್ಜೆ ಹಿಂದೆ ಇಡುತ್ತ ಹೋಯಿತು. ಏಳನೆಯ ಹೆಜ್ಜೆಗೆ ಅದರ ತಲೆಯ ರಿಬ್ಬನ್ನು ಕಾಣಿಸಿತೆಂದು ಅಳಿಯ ಕೈ ಎತ್ತಿದ. ಸಾಧಾರಣದ ಎದುರಿಗೆ ನಾಲ್ಕು ಹೆಜ್ಜೆ. ಮೊದಲೇ ಬಿಟ್ಟಿದ್ದ ಎರಡು ಕಾರುಗಳ ಹತ್ತಿರಕ್ಕೂ ಮತ್ತೆ ಹೋದೆವು: ಒಂದಕ್ಕೆ ಐದು, ಒಂದಕ್ಕೆ ಮೂರು. ನಾಲ್ಕು ವರ್ಷದ ಕಾಲಿನ ಹೆಜ್ಜೆಗಳು. ಯಾವ ಪ್ರಯೋಗಶಾಲೆಯೂ ಒಪ್ಪುವ ಅಳತೆಯಲ್ಲ. ವಿನಯದ ಹುಡುಗ ಬೆರಗಾಗಿ ನೋಡುತ್ತಿದ್ದವನು, “ಮೇಡಮ್, ಟಾಪ್ ಮಾದರಿಯಲ್ಲಿ ಮುಂದೆಯೂ ಕ್ಯಾಮೆರಾ ಇದೆ, ಪರದೆಯಲ್ಲಿ ಕಾಣುತ್ತೆ” ಎಂದ. ಅದಕ್ಕೆ ಎಷ್ಟಾಗುತ್ತದೆಂದು ಅವಳು ಕೇಳಲಿಲ್ಲ. ಅಳಿಯ ಕಾರಿನಿಂದಿಳಿದು ಪಟ್ಟಿಯನ್ನು ಅದರ ಮೂತಿಯ ಮೇಲೆಯೇ ಹರಡಿ, ಮೊತ್ತದ ಕೆಳಗೆ ಜಾಗ ಸಾಲದೆ, ಮೇಲೆ, ಬೆಲೆಯ ಸಾಲಿಗೂ ಮುಂಚೆ, ಪೆನ್ಸಿಲಿನಲ್ಲಿ ಬರೆದ: ‘ಹೆಜ್ಜೆ: 7, 4, 5, 3’.

ಕಾರನ್ನು ಇನ್ನೂ ಕೊಂಡಿಲ್ಲ.